ಥ್ಯಾಂಕ್ಸ್ ಹೇಳಬಾರದ ಕೈ

ಸೆಪ್ಟೆಂಬರ್ 4, ಬುಧವಾರ

ವಿನ್ನಿ ನಿವೃತ್ತಿಯಾಗುತ್ತಾಳಂತೆ. ಬೆಳಗಿನ ಚಹಾಕ್ಕೆ ಬಿಸ್ಕತ್ತು ಅದ್ದುತ್ತ, ನಾಳೆ ಮಂಜು ಬೀಳಬಹುದು ಎನ್ನುವ ದನಿಯಲ್ಲಿ ಹೇಳಿದಳು. ಇನ್ನೆರಡು ವರ್ಷ, ಆಮೇಲೆ ಮಗಳ ಮನೆ. ನಮ್ಮ ಕೈರನ್ ಕೊಲ್ಲಿಯ ವೃದ್ಧರ ಮನೆಗೆ ರಿಜಿಸ್ಟರ್ಡ್ ನರ್ಸ್ ಅಂತ ಇರುವವಳು ಅವಳೊಬ್ಬಳೇ, ಊರಿಗೊಬ್ಬಳೇ ಪದ್ಮಾವತಿ. ಅಂಥವಳೊಬ್ಬಳು ಇದ್ದರೆ ಮಾತ್ರ ಈ ಮನೆಯ ಬಾಗಿಲು ತೆರೆದಿರಬೇಕು ಎಂದು ಸರ್ಕಾರದ ನಿಯಮ. ಹೊರಗಿನಿಂದ ಯಾರೂ ಬರುವುದಿಲ್ಲ. ಹೋದ ಸಲ ಬಂದ ಹುಡುಗಿ ಮಂಜಿನಲ್ಲಿ ನಿಂತು "ಇಲ್ಲಿ ಸಮುದ್ರ ಎಲ್ಲಿದೆ?" ಎಂದು ಕೇಳಿದಳು. ಸಮುದ್ರ ಅವಳ ಕಾಲ ಬುಡದಲ್ಲೇ ಇತ್ತು. ಪೆಟ್ಟಿಗೆ ಬಿಚ್ಚದೆಯೇ ವಾಪಸ್ಸು ಹೋದಳು.

ಮುಚ್ಚಿದರೆ ಇಲ್ಲಿರುವ ಮುದುಕ ಮುದುಕಿಯರನ್ನೆಲ್ಲ ನಾಲ್ಕು ಗಂಟೆ ದೂರದ ಪಟ್ಟಣಕ್ಕೆ ಸಾಗಿಸುತ್ತಾರೆ. ಅವರಲ್ಲಿ ಅಪ್ಪನೂ ಒಬ್ಬ. ಅಪ್ಪನ ಕಿಟಕಿಯಿಂದ ದೋಣಿಕಟ್ಟೆ ಕಾಣುತ್ತದೆ. ಯಾರ ದೋಣಿ ಬಂತು, ಯಾರಿಗೆ ಮೀನು ಬಿತ್ತು, ಯಾವ ದಡ್ಡನಿಗೆ ಇನ್ನೂ ಹಗ್ಗ ಕಟ್ಟಲು ಬರುವುದಿಲ್ಲ ಎಂಬುದೆಲ್ಲ ಕಾಣುತ್ತದೆ. ಪಟ್ಟಣದಲ್ಲಿ ಅವನಿಗೆ ಸಿಗುವುದು ಕಾರು ನಿಲ್ಲಿಸುವ ಅಂಗಳದ ನೋಟ. ಒಂದು ಚಳಿಗಾಲ ಉಳಿಯಲಾರ.

ವಿನ್ನಿಯ ಮಾತು ಮುಗಿದ ಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ಪ್ರಾಕ್ಟಿಕಲ್ ನರ್ಸ್. ಅಂದರೆ ಅದೇ ಸೂಜಿ, ಅದೇ ಪಟ್ಟಿ, ಅದೇ ಮಲದ ಪಾತ್ರೆ, ಅರ್ಧ ಮರ್ಯಾದೆ. ನನ್ನಂಥವರು ಓದಿ ರಿಜಿಸ್ಟರ್ಡ್ ಆಗಲಿಕ್ಕೆ ಒಂದು ಸೇತುವೆ ಕೋರ್ಸು ಇದೆ. ಅಡುಗೆಯ ಡಲ್ಸಿ ಎಲ್ಲರ ಪರವಾಗಿ ತೀರ್ಪು ಕೊಟ್ಟಳು: "ಲೊರೆಟ್ಟಾ, ನೀನೇ ಹೋಗ್ಬೇಕು ಕಣೇ. ನಾನು ಹೋದ್ರೆ ಇವ್ರಿಗೆಲ್ಲ ಊಟ ಯಾರು ಹಾಕ್ತಾರೆ?" ನಾನು ಹೋದರೆ ಇವರ ಕುಂಡೆ ಯಾರು ತೊಳೆಯುತ್ತಾರೆ ಎಂದು ಯಾರೂ ಕೇಳಲಿಲ್ಲ.

ಸೆಪ್ಟೆಂಬರ್ 9

ಅಪ್ಪನಿಗೆ ಮತ್ತೆ ಮೂಗಿನಿಂದ ರಕ್ತ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವನಿಗೆ ಇದು ಆಗಾಗ ಬಂದು ಹೋಗುವ ನೆಂಟ. ವಿನ್ನಿ ಹತ್ತಿರ ಹೋದರೆ ಮುಖ ತಿರುಗಿಸಿದನಂತೆ, ನನ್ನನ್ನೇ ಕರೆಸಿದ. ಮುಂದಕ್ಕೆ ಬಾಗಿಸಿ ಕೂರಿಸಿ, ಮೂಗು ಬಿಗಿಹಿಡಿದು, ಕಿವಿಗೆ ಬಾಯಿ ಹಚ್ಚಿ ಆ ಮಾತನ್ನು ಮೂರು ಸಲ ಪಿಸುಗುಟ್ಟಿದೆ. ನಿಂತಿತು.

ರಕ್ತ ಕಟ್ಟುವ ಮಾತು ನಮ್ಮ ಮನೆತನದ್ದು. ಗಂಡಿನಿಂದ ಹೆಣ್ಣಿಗೆ, ಹೆಣ್ಣಿನಿಂದ ಗಂಡಿಗೆ ದಾಟಬೇಕು, ಕೊಟ್ಟವರಲ್ಲಿ ಉಳಿಯುವುದಿಲ್ಲ. ಅಜ್ಜಿ ಅಪ್ಪನಿಗೆ ಕೊಟ್ಟಳು, ನಾನು ನರ್ಸ್ ಆದ ದಿನ ಅಪ್ಪ ನನಗೆ ಕೊಟ್ಟ. ದುಡ್ಡು ಮುಟ್ಟುವಂತಿಲ್ಲ. ಬೇರೆಯವರ ಮುಂದೆ ಬಾಯಿ ಬಿಡುವಂತಿಲ್ಲ. ಗುಣವಾದವರು ಥ್ಯಾಂಕ್ಸ್ ಹೇಳುವಂತಿಲ್ಲ, ಹೇಳಿದರೆ ಕೆಟ್ಟಿತು, ರಕ್ತ ಮತ್ತೆ ಹರಿಯುತ್ತದೆ. ಈ ಕೊಲ್ಲಿಯಲ್ಲಿ ಇದು ಎಳೆಮಕ್ಕಳಿಗೂ ಗೊತ್ತು. ನಾನೇನೂ ನಂಬುವವಳಲ್ಲ. ಹತ್ತು ನಿಮಿಷ ಬಿಗಿಹಿಡಿದರೆ ಯಾರ ಮೂಗಾದರೂ ನಿಲ್ಲುತ್ತದೆ. ಆದರೆ ಪಿಸುಗುಟ್ಟದಿದ್ದರೆ ಅಪ್ಪ ಹಿಡಿಯಲಿಕ್ಕೇ ಬಿಡುವುದಿಲ್ಲ.

ನನ್ನ ತಕರಾರು ಬೇರೆ. ರಕ್ತಕ್ಕೆ ಥ್ಯಾಂಕ್ಸ್ ಬೇಡ, ಸರಿ. ಚಹಾಕ್ಕೆ? ಗಡ್ಡ ತೆಗೆದದ್ದಕ್ಕೆ? ನಾನೇ ಕೂತು ಹೆಣೆದ ಉಣ್ಣೆ ಕಾಲುಚೀಲಕ್ಕೆ? ಕಾಲುಚೀಲದಲ್ಲೂ ಮಂತ್ರ ಇದೆಯೇ? ಈ ಕೈ ಏನು ಕೊಟ್ಟರೂ ಅಪ್ಪ ತುಟಿ ಹೊಲಿದುಕೊಳ್ಳುತ್ತಾನೆ. ಅವನೊಬ್ಬನೇ ಅಲ್ಲ, ಊರಿಗೆ ಊರೇ ಹಾಗೆ. ಎನಿಮಾ ಕೊಟ್ಟರೂ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಕ್ರಿಸ್‌ಮಸ್ಸಿಗೆ ವಿನ್ನಿಗೆ ಕಾರ್ಡು, ಚಾಕೊಲೇಟು, ಹಣ್ಣಿನ ಜಾಮು. ನನಗೆ ಮೌನ. ಇಪ್ಪತ್ತೆರಡು ವರ್ಷ ದುಡಿದು ಒಂದು ಥ್ಯಾಂಕ್ಸ್ ಕೇಳದ ನರ್ಸ್ ಈ ದ್ವೀಪದಲ್ಲೆಲ್ಲ ನಾನೊಬ್ಬಳೇ ಇರಬೇಕು. ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಕೋರ್ಸಿಗೆ ಅರ್ಜಿ ಹಾಕಿದೆ.

ಸೆಪ್ಟೆಂಬರ್ 30

ಮೊದಲ ಪಾಠ. ಪ್ರೊಫೆಸರ್ ಆಶ್‌ವರ್ತ್ ಕಂಪ್ಯೂಟರಿನ ಪರದೆಯಲ್ಲಿ ಮೂಡಿದರು. ದ್ವೀಪದಾಚೆಯ ದೊಡ್ಡ ನಾಡಿನಿಂದ ಬಂದವರು, ದನಿಯಲ್ಲಿ ಜೇನು. ಮೊದಲ ಪಾಠ ಕೈ ತೊಳೆಯುವುದು. ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯಿತು. ಕೈ ತೊಳೆದ ಮೇಲೆ, ಕೈ ತೊಳೆಯುವಾಗ ನನ್ನೊಳಗೆ ಯಾವ ಭಾವನೆಗಳು ಎದ್ದವು ಎಂದು ಒಂದು ಪುಟ ಬರೆಯಬೇಕು. ಇದಕ್ಕೆ ಆತ್ಮಾವಲೋಕನ ಎಂದು ಹೆಸರು, ವಾರಕ್ಕೊಂದು ಒಪ್ಪಿಸಬೇಕು, ಅಂಕ ಇದೆ. 'ನೀರು ತಣ್ಣಗಿತ್ತು' ಎಂದು ಬರೆದೆ. ಇನ್ನಷ್ಟು ಆಳಕ್ಕೆ ಇಳಿಯಿರಿ ಎಂದು ವಾಪಸ್ಸು ಬಂತು.

ಹಾಗಾಗಿ ಈಗ ನನಗೆ ಎರಡು ದಿನಚರಿ. ಅಲ್ಲಿ ಬರೆಯುವುದು ಅಂಕಕ್ಕೆ, ಇಲ್ಲಿ ಬರೆಯುವುದು ಹೊಟ್ಟೆಯ ಕಿಚ್ಚಿಗೆ.

ನವೆಂಬರ್ 12

ಹಸಿವು, ಅಳು, ಕೋಪ ಎಂದೆಲ್ಲ ಬರೆಯಕೂಡದಂತೆ. ಅವು ರೋಗಿಯ ಮಾತುಗಳು, ರಿಜಿಸ್ಟರ್ಡ್ ನರ್ಸಿನ ಮಾತುಗಳಲ್ಲ. ಅಪ್ಪನ ಪಕ್ಕದ ಕೋಣೆಯ ಹೆಡ್ಲಿ ಮಾವ ತನ್ನ ಸತ್ತ ನಾಯಿಯನ್ನು ನೆನೆಸಿಕೊಂಡು ಅತ್ತರೆ ನಾನು 'ಒಡನಾಟದ ನಷ್ಟಕ್ಕೆ ಸಂಬಂಧಿಸಿದ, ಕಣ್ಣೀರಿನಿಂದ ವ್ಯಕ್ತವಾಗುವ, ಹೊಂದಾಣಿಕೆಯ ಕೊರತೆ' ಎಂದು ಬರೆಯಬೇಕು. ಅಡುಗೆಮನೆಯಲ್ಲಿ ಓದಿ ತೋರಿಸಿದೆ. ಡಲ್ಸಿ ಎಲೆಕೋಸು ಕತ್ತರಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ಹಾಗಾದ್ರೆ ನಂಗೀಗ ಬಟಾಣಿ ಪುಡಿಂಗಿಗೆ ಸಂಬಂಧಿಸಿದ, ಪಾತ್ರೆ ತಳದಿಂದ ವ್ಯಕ್ತವಾಗುವ ಕೊರತೆ ಇದೆ," ಎಂದಳು. "ಸೀದು ಹೋಯ್ತು ಅಂತ ಕನ್ನಡಿ ಮುಂದೆ ನಿಂತು ಹೇಳ್ಕೊಳ್ಳೋ ಧೈರ್ಯ ಇಲ್ದೋರು ಕಣೇ ಇವ್ರು."

ಇಬ್ಬರೂ ಅಳುವಷ್ಟು ನಕ್ಕೆವು. ಹೆಡ್ಲಿ ಮಾವನಿಗೆ ಎರಡು ಸೌಟು ಪುಡಿಂಗ್ ಹೆಚ್ಚಿಗೆ ಹಾಕಿದಳು, ಅಳು ನಿಂತಿತು.

ಡಿಸೆಂಬರ್ 8, ನಗರದಲ್ಲಿ

ಪ್ರಯೋಗ ಪರೀಕ್ಷೆಗೆ ಬಂದಿದ್ದೇನೆ. ಪ್ಲಾಸ್ಟಿಕ್ ರೋಗಿಯೊಂದನ್ನು ಮಲಗಿಸಿದ್ದಾರೆ. ಉಸಿರಾಡುತ್ತದೆ, ನರಳುತ್ತದೆ, ಬೆವರುತ್ತದೆ. ನಮ್ಮ ಹೆಡ್ಲಿ ಮಾವನಿಗಿಂತ ಗಟ್ಟಿಮುಟ್ಟಾಗಿದೆ. ಸೂಜಿ ಚುಚ್ಚಿದ್ದಕ್ಕೆ ಪೂರ್ಣ ಅಂಕ, ಪಟ್ಟಿ ಕಟ್ಟಿದ್ದಕ್ಕೆ ಪೂರ್ಣ ಅಂಕ. ಆದರೆ ಚುಚ್ಚುವಾಗ ಬಾಯಿ ತಪ್ಪಿ "ಇಗೋ ಆಯ್ತು ನನ್ ಬಂಗಾರ" ಎಂದುಬಿಟ್ಟೆ, ಅದಕ್ಕೆ ಐದು ಅಂಕ ಕಳೆದರು. ವಯಸ್ಸಾದವರನ್ನು ಮುದ್ದಿನ ಮಾತಿನಿಂದ ಕರೆಯುವುದು ಅವರ ಘನತೆಗೆ ಕುಂದು ಎಂದು ಪ್ರೊಫೆಸರ್ ಮೆಲ್ಲಗೆ ತಿಳಿಸಿದರು. ಪ್ಲಾಸ್ಟಿಕ್ಕಿಗೆ ಘನತೆ ಇದ್ದಂತೆ ಕಾಣಲಿಲ್ಲ, ಆದರೂ ಕ್ಷಮೆ ಕೇಳಿದೆ.

ಕೊಲ್ಲಿಯಲ್ಲಿ ನಾವು ಅಂಚೆಯವನನ್ನೂ ಬಂಗಾರ ಅಂತಲೇ ಕರೆಯುವುದು, ಪಾದ್ರಿಯನ್ನೂ. ಮೀನಿನ ದರ ಇಳಿಸಿದ ದಲ್ಲಾಳಿಯನ್ನು ಬೈಯುವಾಗಲೂ ಕೊನೆಗೆ ಒಂದು ಬಂಗಾರ ಸೇರಿಸುತ್ತೇವೆ. ಇನ್ನು ಮೇಲೆ ಎಚ್ಚರವಿರಬೇಕು. ಫೇಲಾದರೆ ಅಪ್ಪನ ಕಿಟಕಿ ಹೋಗುತ್ತದೆ.

ಫೆಬ್ರುವರಿ 20, ಮತ್ತೆ ನಗರ

ಇವತ್ತು ಸ್ಪರ್ಶ ಚಿಕಿತ್ಸೆಯ ಪಾಠ. ಇದರಲ್ಲಿ ಸ್ಪರ್ಶ ಮಾಡುವಂತಿಲ್ಲ. ರೋಗಿಯ ಮೈಯಿಂದ ಒಂದು ಗೇಣು ಮೇಲೆ ಕೈಯಾಡಿಸಿ, ಅವನ ಶಕ್ತಿವಲಯದ ಸುಕ್ಕು ನೇವರಿಸಿ, ಕೊನೆಗೆ ಕೆಟ್ಟ ಶಕ್ತಿಯನ್ನು ಬೆರಳ ತುದಿಯಿಂದ ಮೂಲೆಗೆ ಕೊಡವಬೇಕು. ದೊಡ್ಡ ಹಾಲಿನ ತುಂಬ ನರ್ಸುಗಳು ಕಣ್ಣು ಮುಚ್ಚಿ ಗಾಳಿಯನ್ನು ಇಸ್ತ್ರಿ ಮಾಡುತ್ತಿದ್ದರು. ಪ್ರೊಫೆಸರ್ ಮಧ್ಯೆ ನಡೆದಾಡುತ್ತ "ಬಿಸಿ ಹತ್ತಿತೆ? ಹತ್ತಿತೆ?" ಎಂದು ಕೇಳುತ್ತಿದ್ದರು. ಇದಕ್ಕೆ ಪುಸ್ತಕ ಇದೆ, ಅಂಕ ಇದೆ, ಪ್ರಮಾಣಪತ್ರವೂ ಇದೆ.

ನನಗೆ ತಡೆಯಲಾಗಲಿಲ್ಲ. ನಮ್ಮ ಕಡೆ ಮೂಗು ಹಿಡಿದು ಒಂದು ಮಾತು ಪಿಸುಗುಟ್ಟುತ್ತೇವೆ, ಕೊನೆಪಕ್ಷ ಮೂಗನ್ನಾದರೂ ಮುಟ್ಟುತ್ತೇವೆ ಎಂದೆ. ಮಾತು ಬಾಯಿಂದ ಜಾರಿದ್ದೇ ಕೆಟ್ಟೆ ಅಂದುಕೊಂಡೆ. ಮೂಢನಂಬಿಕೆ ಎಂದು ಹೊರಗೆ ಹಾಕುತ್ತಾರೆ, ಅಲ್ಲಿಗೆ ಎಲ್ಲ ಮುಗಿಯಿತು. ಪ್ರೊಫೆಸರ್ ಎರಡೂ ಕೈ ಎದೆಗಿಟ್ಟುಕೊಂಡರು. ಕಣ್ಣಲ್ಲಿ ನೀರಾಡಿತು. ಇದು ನಾಡಜ್ಞಾನ, ಇದು ನಿಧಿ, ಇಂಥದ್ದನ್ನೇ ಹುಡುಕುತ್ತಿದ್ದೆ ಎಂದರು. ಮುಂದಿನ ತಿಂಗಳು ನಾನು ಇಡೀ ತರಗತಿಯೆದುರು ಈ ಪದ್ಧತಿಯನ್ನು ಮಂಡಿಸಬೇಕಂತೆ. ಮಂತ್ರದ ಮಾತುಗಳನ್ನು ದೊಡ್ಡಕ್ಷರದಲ್ಲಿ ಪರದೆಯ ಮೇಲೆ ತೋರಿಸಬೇಕಂತೆ. ವರ್ಷದ ಅಂಕದಲ್ಲಿ ಮೂರನೆಯ ಒಂದು ಭಾಗ ಇದಕ್ಕೇ.

ಅಡಕತ್ತರಿಯಲ್ಲಿ ಸಿಕ್ಕಿದೆ. ಹೇಳಿದರೆ ಮಾತು ಕೆಡುತ್ತದೆ, ಹೇಳದಿದ್ದರೆ ಅಂಕ ಹೋಗುತ್ತದೆ. ನಾನು ನಂಬುವುದಿಲ್ಲ, ನಿಜ. ಆದರೂ ಅದು ಹೇಳಿಬಿಡುವಂಥದ್ದಲ್ಲ.

ಮಾರ್ಚ್ 2

ಅಪ್ಪನಿಗೆ ವಿಷಯ ತಿಳಿಸಿದೆ. ಕಿಟಕಿಗೆ ಮುಖ ಹಚ್ಚಿ ಕಟ್ಟೆಯ ದೋಣಿಗಳನ್ನು ಒಂದೊಂದಾಗಿ ಎಣಿಸಿದ. ಆಮೇಲೆ, "ಎಂಜಿನ್ ಮಾತು ಹೇಳ್ಬಿಡು," ಎಂದ.

ಅಪ್ಪನ ಹಳೆಯ ದೋಣಿಯ ಎಂಜಿನ್ನು ಚಳಿಯಲ್ಲಿ ಹತ್ತುತ್ತಿರಲಿಲ್ಲ. ಪ್ರತಿ ಬೆಳಗ್ಗೆ ಅದನ್ನು ಒದೆಯುತ್ತ ಅಪ್ಪ ಒಂದೇ ಶ್ಲೋಕ ಹೇಳುತ್ತಿದ್ದ. ನಾವು ಮಕ್ಕಳು ಹಾಸಿಗೆಯಲ್ಲೇ ಅದನ್ನು ಕೇಳಿ ಎಚ್ಚರಗೊಳ್ಳುತ್ತಿದ್ದೆವು: "ಏಳು ಮುಂಡೇದೆ, ಏಳು. ಉಪ್ಪು ನೆಕ್ಕಿದ್ದಾಯ್ತು, ಎಣ್ಣೆ ಕುಡಿದಿದ್ದಾಯ್ತು, ಇನ್ನೇನು ನಿಂಗೆ ರೋಗ."

"ಮುಂಡೇದು ಬಿಟ್ಟು ಮಿಕ್ಕಿದ್ದು ಹೇಳು," ಎಂದ ಅಪ್ಪ, ಮತ್ತೆ ತನ್ನ ಮಾತಿಗೆ ತಾನೇ ನಗತೊಡಗಿದ. ನಕ್ಕು ನಕ್ಕು ಮೂಗಿನಿಂದ ರಕ್ತ ಬಂತು. ಹಿಡಿದೆ, ಪಿಸುಗುಟ್ಟಿದೆ, ನಿಂತಿತು. ಥ್ಯಾಂಕ್ಸ್ ಇಲ್ಲ, ಎಂದಿನಂತೆ.

ಮಾರ್ಚ್ 19

ಮಂಡಿಸಿದೆ. 'ಏಳು, ಏಳು. ಉಪ್ಪು ನೆಕ್ಕಿದ್ದಾಯಿತು, ಎಣ್ಣೆ ಕುಡಿದದ್ದಾಯಿತು, ಇನ್ನೇನು ನಿನಗೆ ರೋಗ.' ಪರದೆಯ ಮೇಲೆ, ನೀಲಿ ಬಣ್ಣದಲ್ಲಿ. ಹಾಲಿನಲ್ಲಿ ಸೂಜಿ ಬಿದ್ದರೆ ಕೇಳುವಂತಿತ್ತು. ಪ್ರೊಫೆಸರ್ ಎದ್ದು ಅರ್ಥ ಬಿಡಿಸಿದರು. ಉಪ್ಪು ಎಂದರೆ ಶುದ್ಧಿ, ಎಣ್ಣೆ ಎಂದರೆ ಅಭಿಷೇಕ, 'ಏಳು' ಎಂಬುದು ಸಾವಿನ ವಿರುದ್ಧ ಒಂದು ಸಮುದಾಯದ ಕೂಗು. ಕೊನೆಯ ಸಾಲು ರೋಗಕ್ಕೇ ಹಾಕಿದ ಸವಾಲು. ಎಲ್ಲರೂ ಒಬ್ಬರ ಮೂಗನ್ನೊಬ್ಬರು ಹಿಡಿದು ಒಟ್ಟಾಗಿ ಹೇಳಿದರು. ಒಬ್ಬಳು ಬಿಕ್ಕಿದಳು.

ನಗು ತಡೆದು ತಡೆದು ಪಕ್ಕೆ ನೋಯುತ್ತಿದೆ. ಅತಿ ಹೆಚ್ಚು ಅಂಕ ನನಗೇ.

ಆಮೇಲೆ ಒಬ್ಬೊಬ್ಬರಾಗಿ ಬಂದು ಥ್ಯಾಂಕ್ಸ್ ಹೇಳಿದರು. ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು. ಕಾರ್ಡು ಕೂಡ ಕೊಟ್ಟರು, ಎಲ್ಲರ ಸಹಿ ಇದೆ. ಎಂಜಿನ್ನಿನ ಮಂತ್ರ ಕೆಟ್ಟರೆ ಕೆಡಲಿ, ನಷ್ಟವೇನು. ಬಸ್ಸಿನಲ್ಲಿ ಬರುವಾಗ ಕಾರ್ಡನ್ನು ಮೂರು ಸಲ ತೆಗೆದು ನೋಡಿದೆ. ಇಷ್ಟು ಹಿತವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮಾರ್ಚ್ 20

ಕಾರ್ಡನ್ನು ಫ್ರಿಜ್ಜಿನ ಮೇಲೆ ಅಂಟಿಸಿದೆ. ರೂಬೆನ್ "ಇದೇನಿದು?" ಎಂದ. ನನ್ನ ಗಂಡ ಏಡಿ ದೋಣಿಯವನು, ಅವನಿಗೆ ಕಾಗದವೆಲ್ಲ ಬಿಲ್ಲು. ಮೆಚ್ಚುಗೆ ಎಂದೆ.

ಅಕ್ಟೋಬರ್ 6

ಎರಡನೆಯ ವರ್ಷ. ಬೆಳಗ್ಗೆ ಬೇಗ ಎದ್ದು ದೊಡ್ಡ ಪರೀಕ್ಷೆಯ ಮಾದರಿ ಪ್ರಶ್ನೆಗಳನ್ನು ಬಿಡಿಸುತ್ತೇನೆ. ಮುದುಕ ನೆಲದ ಮೇಲೆ ಬಿದ್ದಿದ್ದಾನೆ, ಮೊದಲು ಏನು ಮಾಡುವಿರಿ? ಹೋದ ವರ್ಷವಾಗಿದ್ದರೆ 'ಎತ್ತುತ್ತೇನೆ' ಎಂದು ಗುರುತು ಹಾಕಿ ಪೆಟ್ಟು ತಿನ್ನುತ್ತಿದ್ದೆ. ಮೊದಲು ಪರಿಸ್ಥಿತಿಯನ್ನು ಅಂದಾಜಿಸಬೇಕು. ಯಾವ ಪ್ರಶ್ನೆಗೇ ಆಗಲಿ, ಮೊದಲು ಅಂದಾಜಿಸಬೇಕು. ಇದು ಅರ್ಥವಾದ ಮೇಲೆ ಅಂಕಗಳು ಬೆಣ್ಣೆಯಲ್ಲಿ ಕೂದಲೆಳೆದಂತೆ ಬರುತ್ತಿವೆ.

ಡಿಸೆಂಬರ್ 14

ರೂಬೆನ್ ಮೆಟ್ಟಿಲ ಬಳಿ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದ. ನಾನು ಬಾಗಿಲಲ್ಲಿ ನಿಂತು ಅವನ ಪ್ರಜ್ಞೆ, ಉಸಿರು, ಕಾಲಿನ ಕೋನ ಎಲ್ಲವನ್ನೂ ಅಂದಾಜಿಸಿದೆ. ಒಂದರಿಂದ ಹತ್ತರವರೆಗೆ ನೋವು ಎಷ್ಟು ಎಂದು ವಿಚಾರಿಸಿದೆ. "ಮೊದ್ಲು ಎತ್ತೇ, ಕುಂಡೆ ಹೆಪ್ಪುಗಟ್ತಾ ಇದೆ," ಎಂದು ಕೂಗಿದ. ನಿನ್ನ ಹತಾಶೆ ನನಗೆ ಕೇಳಿಸುತ್ತಿದೆ ಎಂದೆ. ಪಕ್ಕದ ಮನೆಯವನು ಬಂದು ಎತ್ತಿದ.

ಅಂದಾಜಿಗೆ ಸಹಕರಿಸದ ರೋಗಿಗಳೊಡನೆ ವ್ಯವಹರಿಸುವುದು ಹೇಗೆ ಎಂಬ ಆತ್ಮಾವಲೋಕನಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿತು. ಹತ್ತಕ್ಕೆ ಹತ್ತು.

ಜನವರಿ 25

ನಾಯಕತ್ವದ ಯೋಜನೆಯಾಗಿ ನಮ್ಮ ವೃದ್ಧರ ಮನೆಯಲ್ಲಿ ಕೃತಜ್ಞತಾ ಫಲಕ ನಿಲ್ಲಿಸಿದೆ. ನಿವಾಸಿಗಳು ಸಿಬ್ಬಂದಿಗೆ ಥ್ಯಾಂಕ್ಸ್ ಹೇಳುವುದನ್ನು ರೂಢಿಸಿಕೊಳ್ಳಬೇಕು, ಹೇಳಿದ್ದನ್ನು ಬಣ್ಣದ ಚೀಟಿಯಲ್ಲಿ ಬರೆದು ಅಂಟಿಸಬೇಕು. ಮೆಚ್ಚುಗೆಯ ಸಂಸ್ಕೃತಿಯಿಂದ ಸಿಬ್ಬಂದಿಯ ಮನೋಬಲ ಹೆಚ್ಚುತ್ತದೆ ಎಂಬುದಕ್ಕೆ ಸಾಕಷ್ಟು ಸಂಶೋಧನೆಗಳಿವೆ. ಡಲ್ಸಿಗೂ ವಿವರಿಸಿದೆ.

"ಅವ್ರು ತಟ್ಟೆ ನೆಕ್ಕಿ ಇಡ್ತಾರಲ್ಲೇ," ಎಂದಳು. "ನಂಗೆ ಅಷ್ಟು ಸಾಕು."

ಡಲ್ಸಿಯಲ್ಲಿ ಬದಲಾವಣೆಗೆ ಪ್ರತಿರೋಧ ಇದೆ.

ಫೆಬ್ರುವರಿ 11

ಫಲಕ ತುಂಬಿದೆ. ಡಲ್ಸಿಗೆ ಚೀಟಿ, ನೆಲ ಒರೆಸುವವನಿಗೆ ಚೀಟಿ, ವಿನ್ನಿಗೆ ಗೊಂಚಲು. ಹೆಡ್ಲಿ ಮಾವನಿಗಂತೂ ಹುಚ್ಚು ಹಿಡಿದಂತಾಗಿದೆ. ತೆರೆದುಕೊಂಡದ್ದಕ್ಕೆ ಬಚ್ಚಲ ಬಾಗಿಲಿಗೆ ಥ್ಯಾಂಕ್ಸ್ ಹೇಳುತ್ತಾನೆ. ನನ್ನ ಹೆಸರಿನ ಚೀಟಿ ಒಂದೂ ಇಲ್ಲ. ಯೋಜನೆಯ ಮುಖ್ಯಸ್ಥೆಗೇ ಸೊನ್ನೆ ಬಂದರೆ ವರದಿಯಲ್ಲಿ ಏನು ಬರೆಯಲಿ?

ಇವತ್ತು ಹೆಡ್ಲಿ ಮಾವನಿಗೆ ಇಂಜೆಕ್ಷನ್ ಕೊಟ್ಟು ಅಲ್ಲೇ ನಿಂತೆ. ಗೋಡೆಗೆ ತಿರುಗಿದ. ನಾನು ಇನ್ನೂ ನಿಂತಿದ್ದೆ. ಏನಾದರೂ ಹೇಳುವುದಿದೆಯೇ ಎಂದು ಕೇಳಿದೆ.

"ನಿಂಗೆ ಹೇಳೋಕಾಗುತ್ತಾ?" ಎಂದ. "ನಂಗೇನು ತಲೆ ಕೆಟ್ಟಿದ್ಯಾ?"

ಅಪ್ಪನ ಹತ್ತಿರವೂ ಪ್ರಯತ್ನಿಸಿದೆ. ಹೊಸ ಕಾಲುಚೀಲ ತೊಡಿಸಿ, ಗುಲಾಬಿ ಬಣ್ಣದ ಚೀಟಿ ಮುಂದಿಟ್ಟು, ಪೆನ್ನು ಕೊಟ್ಟೆ. ಅಪ್ಪ ಚೀಟಿಯಿಂದ ಪುಟ್ಟ ದೋಣಿ ಮಾಡಿ ಕಿಟಕಿಯ ಮೇಲಿಟ್ಟ.

ವರದಿಯಲ್ಲಿ 'ಸಾಂಪ್ರದಾಯಿಕ ನಂಬಿಕೆಯ ತಡೆಗೋಡೆ' ಎಂದು ಬರೆದೆ. ಕಣ್ಣು ಸ್ವಲ್ಪ ಉರಿಯುತ್ತಿದೆ. ಓದು ಜಾಸ್ತಿಯಾಯಿತು.

ಮಾರ್ಚ್ 30

ಡಲ್ಸಿ ನನ್ನನ್ನು ಈಗ ಮೇಡಂ ಎನ್ನುತ್ತಾಳೆ. ಮೊದಲು ತಮಾಷೆಗೆ ಅನ್ನುತ್ತಿದ್ದಳು. ಇವತ್ತು ತಮಾಷೆ ಇರಲಿಲ್ಲ ಅನ್ನಿಸಿತು. ವೃತ್ತಿಪರ ಅಂತರ ತಾನಾಗಿಯೇ ಬೆಳೆಯುತ್ತಿದೆ, ಒಳ್ಳೆಯದೇ.

ಮೇ 15

ಪರೀಕ್ಷೆ ಮುಗಿಯಿತು. ಪ್ರಶ್ನೆ ಕೇಳುವುದು ಕಂಪ್ಯೂಟರು; ಇವಳನ್ನು ಸಾಕಷ್ಟು ನೋಡಿದೆ ಎಂದು ಅದಕ್ಕೆ ಅನಿಸಿದ ಕೂಡಲೇ ತಾನೇ ಆರಿಬಿಡುತ್ತದೆ, ಪಾಸೋ ಫೇಲೋ ಹೇಳುವುದಿಲ್ಲ. ನನ್ನದು ಬೇಗ ಆರಿತು. ತೀರ ದಡ್ಡರಿಗೂ ಬೇಗ ಆರುತ್ತದಂತೆ. ವಾಪಸ್ಸು ಬರುವ ದಾರಿಯಲ್ಲಿ ಅಪ್ಪನ ಸಾಮಾನನ್ನು ಪೆಟ್ಟಿಗೆಗೆ ತುಂಬುವ ಚಿತ್ರವೇ ಕಣ್ಣ ಮುಂದೆ. ಏನೂ ತಿನ್ನಲಾಗಲಿಲ್ಲ.

ಮೇ 18

ಪಾಸು.

ಮನೆ ಮುಚ್ಚುವುದಿಲ್ಲ. ವಿನ್ನಿ ನನ್ನನ್ನು ಅಪ್ಪಿಕೊಂಡು ಕೀಲಿಗೊಂಚಲು ಕೊಟ್ಟಳು. ಡಲ್ಸಿ ಕಾಡುಹಣ್ಣಿನ ಜಾಮು ಹಾಕಿ ಹಿಟ್ಟಿನ ರೊಟ್ಟಿ ಕರಿದಳು. ಅಪ್ಪನಿಗೆ ಹೇಳಿದಾಗ ತಲೆಯಾಡಿಸಿ, "ನಾಳೆಯಿಂದ ಏಡಿ ಬುಟ್ಟಿ ಇಳಿಸ್ತಾರಂತೆ," ಎಂದ. ಅಷ್ಟೇ. ನಾನು ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದ್ದು ಯಾರ ಕಿಟಕಿಗಾಗಿ ಎಂದು ಕೇಳಬೇಕೆನಿಸಿತು. ಅವನ ಖಾಲಿ ಲೋಟ ಎತ್ತಿಕೊಂಡು ಹೊರಬಂದೆ.

ಜೂನ್ 18

ಆರೋಗ್ಯ ಇಲಾಖೆಯ ಮೇಲ್ವಿಚಾರಕಿ ಬಂದಿದ್ದರು. ಹೊಸ ರಿಜಿಸ್ಟರ್ಡ್ ನರ್ಸ್ ಕೆಲಸ ಮಾಡುವುದನ್ನು ಕಣ್ಣಾರೆ ನೋಡಿ ಷರಾ ಬರೆಯಬೇಕು. ಅವರ ಸಹಿ ಬಿದ್ದರೆ ಮನೆಗೆ ಮುಂದಿನ ಪರವಾನಗಿ.

ಊಟಕ್ಕೆ ಸ್ವಲ್ಪ ಮುಂಚೆ ಕಿಟಕಿ ಕೋಣೆಯ ನಿವಾಸಿಗೆ ಮೂಗಿನಿಂದ ರಕ್ತಸ್ರಾವ. ಮೇಲ್ವಿಚಾರಕಿ ಹಿಂದೆಯೇ ಬಂದರು. ಕೈಗವಸು ತೊಟ್ಟೆ. ನನ್ನ ಹೆಸರು, ಹುದ್ದೆ ಹೇಳಿಕೊಂಡೆ. ಮಾಡಲಿರುವ ಕ್ರಿಯೆಯನ್ನು ವಿವರಿಸಿ ಒಪ್ಪಿಗೆ ಪಡೆದೆ. ಮುಂದಕ್ಕೆ ಬಾಗಿಸಿ ಮೂಗು ಹಿಡಿದೆ, ಗೋಡೆ ಗಡಿಯಾರ ನೋಡಿದೆ. ಅಪ್ಪ ಕಿವಿಯನ್ನು ನನ್ನ ಬಾಯಿಯ ಕಡೆ ಸ್ವಲ್ಪ ವಾಲಿಸಿದ. ಹಾಗೇ ಹಿಡಿದುಕೊಂಡಿದ್ದ. ನಾನು ಮಾತಾಡಲಿಲ್ಲ, ಮೇಲ್ವಿಚಾರಕಿ ಬರೆದುಕೊಳ್ಳುತ್ತಿದ್ದರು. ಸಮಯ ಮುಗಿಯಿತು, ರಕ್ತ ನಿಂತಿತು. ಅಪ್ಪ ಮೂಗು ಒರೆಸಿಕೊಂಡು ನೆಟ್ಟಗೆ ಕೂತ.

"ಥ್ಯಾಂಕ್ಸ್, ನರ್ಸ್," ಎಂದ.

ಎಲ್ಲರಿಗೂ ಕೇಳಿಸಿತು. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಡಲ್ಸಿಗೂ ಕೇಳಿಸಿತು. ಮೇಲ್ವಿಚಾರಕಿ 'ಮಾದರಿ ಸೇವೆ' ಎಂದು ಬರೆದು ಸಹಿ ಹಾಕಿದರು. ಹುಟ್ಟಿದಂದಿನಿಂದ ಅಪ್ಪನ ಬಾಯಲ್ಲಿ ಕೇಳದ ಮಾತು ಇವತ್ತು ಕೇಳಿದೆ. ಗುಲಾಬಿ ಚೀಟಿಯ ಮೇಲೆ 'ಲಿಯಾಂಡರ್ ಹ್ಯಾನ್ ಅವರಿಂದ ಥ್ಯಾಂಕ್ಸ್' ಎಂದು ನಾನೇ ಬರೆದು ಫಲಕದ ನಡುವೆ ಅಂಟಿಸಿದೆ.

ಇದು ಸಂತೋಷದ ದಿನ. ಸಂಜೆ ಊಟ ಸೇರಲಿಲ್ಲ. ಉಪ್ಪುಮಾಂಸವನ್ನು ಸರಿಯಾಗಿ ನೆನೆಸಿರಲಿಲ್ಲ ಅಂತ ಕಾಣುತ್ತದೆ. ರೂಬೆನ್ ಮಾತ್ರ ಎರಡು ಸಲ ಬಡಿಸಿಕೊಂಡ.

ಜೂನ್ 19

ಬೆಳಗ್ಗೆ ಡಲ್ಸಿ ಔಷಧದ ಕೋಣೆಗೆ ಬಂದಳು. ಮೇಡಂ ಎನ್ನಲಿಲ್ಲ, ಕಣೇ ಎಂತಲೂ ಅನ್ನಲಿಲ್ಲ. ನಿಮ್ಮಪ್ಪ ನಿನ್ನೆ ಮಧ್ಯಾಹ್ನದಿಂದ ತಟ್ಟೆ ಮುಟ್ಟಿಲ್ಲ ಎಂದಷ್ಟೇ ಹೇಳಿ ಹೋದಳು.

ಹೋದೆ. ಅಪ್ಪ ಹಾಸಿಗೆಯ ಅಂಚಿನಲ್ಲಿ ಕೂತಿದ್ದ. ಕಟ್ಟೆಗೆ ದೋಣಿ ಬರುತ್ತಿತ್ತು, ಅದನ್ನೂ ನೋಡುತ್ತಿರಲಿಲ್ಲ. ನನ್ನನ್ನು ಕಂಡು, ಹೊರಗಿನವರಿಗೆ ಹೇಳುವಂತೆ, "ಕೂತುಕೊಳ್ಳಿ" ಎಂದ. ಅಪ್ಪ ನನಗೆ ಹಾಗೆ ಹೇಳಿದ. ನಿನ್ನೆ ಯಾಕೆ ಹಾಗಂದೆ ಎಂದು ಕೇಳಿದೆ.

"ಏನಂದೆ?"

"ಥ್ಯಾಂಕ್ಸ್ ಅಂತ."

ಅಪ್ಪ ಮಂಡಿಯ ಮೇಲಿದ್ದ ಕೈಗಳನ್ನು ನೋಡಿಕೊಂಡ. "ನೀನು ಆ ಮಾತು ಹೇಳ್ಲಿಲ್ಲ. ಕಾದೆ. ಹೇಳ್ಲಿಲ್ಲ. ಅದು ಹೊರಟು ಹೋಯ್ತೇನೋ ಅನ್ಸ್ತು. ಪರೀಕ್ಷೆ ಮಾಡೋಣ ಅಂತ ಥ್ಯಾಂಕ್ಸ್ ಅಂದೆ. ಇದ್ದಿದ್ರೆ ರಕ್ತ ವಾಪಸ್ ಬರ್ಬೇಕಿತ್ತಲ್ಲ? ಸಾಯಂಕಾಲದವರೆಗೂ ಮೂಗು ಮುಟ್ಟಿ ಮುಟ್ಟಿ ನೋಡ್ಕೊಂಡೆ. ಬರ್ಲೇ ಇಲ್ಲ." ಆಮೇಲೆ ನನಗೇ ಸಮಾಧಾನ ಹೇಳುವವನಂತೆ ಹೇಳಿದ: "ಹೋಗ್ಲಿ ಬಿಡು ಮಗಾ. ಓದಿನ ಕೈಗೆ ಅದು ನಿಲ್ಲೋದಿಲ್ವೇನೋ. ಕಿಟಕಿ ಉಳಿಸ್ಕೊಟ್ಟೆಯಲ್ಲ."

ಇಷ್ಟು ವರ್ಷ ಈ ಮನುಷ್ಯ ಚಹಾಕ್ಕೆ, ಗಡ್ಡಕ್ಕೆ, ಕಾಲುಚೀಲಕ್ಕೆ ಬಾಯಿ ಬಿಡದೆ ಇದ್ದ. ನನ್ನ ಕೈ ಕೆಡಬಾರದು ಎಂದು ಇದ್ದ. ಎನಿಮಾ ತೆಗೆದುಕೊಂಡು ಗೋಡೆಗೆ ತಿರುಗುತ್ತಿದ್ದರಲ್ಲ, ಅವರೂ. ನನಗೆ ಅಳು ಬಂತು. ಹೊಂದಾಣಿಕೆಯ ಕೊರತೆ ಅಲ್ಲ, ಅಳು.

ಬಾಗಿಲು ಮುಚ್ಚಿದೆ. ಕೈಗವಸು ತೆಗೆದು ಕಸದ ಬುಟ್ಟಿಗೆ ಹಾಕಿದೆ. ಮುಂದಕ್ಕೆ ಬಾಗು ಎಂದೆ.

"ರಕ್ತ ಎಲ್ಲಿದೆ?" ಎಂದ ಅಪ್ಪ.

"ಬಾಗ್ತೀಯೋ ಇಲ್ವೋ ಬಂಗಾರ?"

ಬಾಗಿದ. ಒಂದು ಹನಿ ರಕ್ತವಿಲ್ಲದ ಮೂಗನ್ನು ಬಿಗಿಯಾಗಿ ಹಿಡಿದು, ಕಿವಿಗೆ ಬಾಯಿ ಹಚ್ಚಿ, ಆ ಮಾತನ್ನು ಮೂರು ಸಲ ಹೇಳಿದೆ. ಒಂದಕ್ಷರವೂ ಮರೆತಿರಲಿಲ್ಲ. ಕೈ ಬಿಟ್ಟೆ. ಅಪ್ಪ ಮೂಗು ಉಜ್ಜಿಕೊಂಡ. ನನ್ನ ಮುಖ ನೋಡದೆ ಕಿಟಕಿಗೆ ತಿರುಗಿ, ಆ ದೋಣಿಯವನಿಗೆ ಇನ್ನೂ ಹಗ್ಗ ಕಟ್ಟಲು ಬರುವುದಿಲ್ಲ ಎಂದ. ಚಹಾ ಆರಿ ಹೋಗಿದೆ, ಇದನ್ನು ಯಾರು ಕುಡಿಯುತ್ತಾರೆ ಎಂದೂ ಗೊಣಗಿದ.

ಹೊರಗೆ ಬಂದು ಫಲಕದಿಂದ ಆ ಗುಲಾಬಿ ಚೀಟಿಯನ್ನು ಕಿತ್ತು ಡಲ್ಸಿಯ ಒಲೆಗೆ ಹಾಕಿದೆ. ಡಲ್ಸಿ ಕೆಟಲಿಟ್ಟಳು. ಬಿಸಿ ಚಹಾ ಒಯ್ದು ಕೊಟ್ಟೆ. ಅಪ್ಪ ಲೋಟ ತೆಗೆದುಕೊಂಡು, ಒಂದು ಮಾತೂ ಆಡದೆ, ಪೂರ್ತಿ ಕುಡಿದ.